ಎರಡನೇ ಸಲ ಬಿಚ್ಚಿದ ಕೊಡೆ

ರಾಣಿ ಇದೇ ಕಿಟಕಿಯಲ್ಲಿ ನಿಂತು ರಾಜನ ದಾರಿ ಕಾಯುತ್ತಿದ್ದಳು ಎಂದು ಕೊನೆಯ ಗುಂಪಿಗೂ ಹೇಳಿ ಮುಗಿಸುವಷ್ಟರಲ್ಲಿ ಗೈಡ್‌ನ ಗಂಟಲು ಕಟ್ಟಿಹೋಗಿತ್ತು. ಕಾದೂ ಕಾದೂ ಆ ರಾಣಿಗೂ ಸಾಕಾಗಿರಬೇಕು. ಜನ ಫೋಟೋ ತೆಗೆದುಕೊಂಡು ಮೆಟ್ಟಿಲಿಳಿದರು. ಗೈಡ್ ಕೋಟೆಗೋಡೆಯ ಮೇಲೆ ನಿಂತು ತನ್ನ ಕೆಂಪು ಕೊಡೆ ಬಿಚ್ಚಿದಳು. ಬೆಟ್ಟದ ಬುಡದಲ್ಲಿದ್ದ ಬಸ್ಸು ನಿಧಾನಕ್ಕೆ ಗೇಟಿನ ಹತ್ತಿರ ಬಂತು.

ಅದು ಅವಳಿಗೂ ಡ್ರೈವರಿಗೂ ನಡುವಿನ ಏರ್ಪಾಡು. ಮೇಲೆ ಫೋನಿಗೆ ಸಿಗ್ನಲ್ ಸಿಗದು. ಕೊಡೆ ಒಂದು ಸಲ ಬಿಚ್ಚಿದರೆ ಗುಂಪು ಇಳಿಯುತ್ತಿದೆ ಎಂದು. ಮತ್ತೊಮ್ಮೆ ಬಿಚ್ಚಿದರೆ ಯಾರೋ ಮೇಲೇ ಉಳಿದಿದ್ದಾರೆ, ಬಸ್ಸು ಬಿಡಬೇಡ ಎಂದು.

ನಾಳೆಯಿಂದ ಅವನಿಗೆ ಏರ್‌ಪೋರ್ಟ್ ರೂಟು. ಬೆಳಿಗ್ಗೆ ಟೀ ಕುಡಿಯುತ್ತ, ಟೈರು ಬದಲಾಯಿಸಿದ ಸುದ್ದಿಯ ಹಾಗೆ ಹೇಳಿದ್ದ. ಅವಳೂ ಒಳ್ಳೆಯದಾಯ್ತು ಎಂದುಬಿಟ್ಟಿದ್ದಳು. ಇನ್ನು ಬೀಗ ಹಾಕಿ ಮನೆಗೆ ಹೋದರೆ, ಮದುವೆ ಬೇಡವಾದರೆ ಆ ಕೋಟೆಯನ್ನೇ ಕಟ್ಟಿಕೋ ಎಂದು ಅಕ್ಕ ಶುರು ಮಾಡುತ್ತಾಳೆ. ಅಕ್ಕನ ಆ ಮಾತು ಡ್ರೈವರಿಗೂ ಬಾಯಿಪಾಠ. ಟೀ ಹೊತ್ತಿನಲ್ಲಿ ಅದನ್ನು ಹೇಳಿಕೊಂಡು ಇಬ್ಬರೂ ಎಷ್ಟು ನಕ್ಕಿದ್ದರು. ಇಷ್ಟು ವರ್ಷ ಈ ಮೆಟ್ಟಿಲು ಹತ್ತಿದ್ದು ಆ ಟೀಗಾಗಿಯೇ ಎಂದು ಅವಳಿಗೆ ಈಗ ಅನ್ನಿಸಿತು. ಅಳುವುದಕ್ಕೂ ತ್ರಾಣವಿರಲಿಲ್ಲ.

ಕೆಳಗೆ ಬಸ್ಸಿನ ಬಾಗಿಲು ಮುಚ್ಚಿತು. ಅವಳು ಕೊಡೆಯನ್ನು ಮತ್ತೆ ಬಿಚ್ಚಿದಳು.

ಕಲ್ಲಿನ ರಾಶಿಯಲ್ಲಿ ನೋಡುವುದೇನಿದೆ ಎಂದು ಒಂದು ದಿನವೂ ಮೇಲೆ ಬರದವನು ಏದುಸಿರು ಬಿಡುತ್ತ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಕೈ ಮೊಣಕಾಲಿನ ಮೇಲಿತ್ತು.

“ಎರಡೆರಡು ಸಲ ಎಣಿಸ್ದೆ ಮೇಡಂ, ಎಲ್ರೂ ಇದಾರೆ. ಉಳ್ಕೊಂಡಿರೋದು ಯಾರು?”

ಅವಳು ಕೊಡೆ ಮಡಚಿದಳು. “ನಾನು.”

ಅವನು ರಾಣಿಯ ಕಿಟಕಿಯ ಕಟ್ಟೆಯ ಮೇಲೆ ಧೊಪ್ಪೆಂದು ಕುಳಿತು ಮುಖ ಒರೆಸಿಕೊಂಡ. ಕೆಳಗೆ ಯಾರೋ ಹಾರ್ನ್ ಒತ್ತತೊಡಗಿದರು.

“ಬೆಳಿಗ್ಗೆ ಟೀ ಕುಡಿಯುವಾಗ್ಲೇ ಹೇಳಿದ್ರೆ ನನ್ ಮೊಣಕಾಲಾದ್ರೂ ಉಳೀತಿತ್ತು.”

“ಹೇಳಿದ್ರೆ ರೂಟ್ ಬಿಡ್ತಿದ್ರಾ?”

“ಆ ರೂಟ್ ನಾನೇ ಕೇಳಿ ಹಾಕಿಸ್ಕೊಂಡಿದ್ದು. ದಿನಾ ಕೆಳಗೆ ನಿಂತು ಬರೀ ನಿಮ್ಮ ಕೊಡೆ ನೋಡಿ ನೋಡಿ ಸಾಕಾಗಿತ್ತು.”

ಅವಳು ಅವನ ಪಕ್ಕದಲ್ಲಿ ಕುಳಿತಳು. ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ. ಹಾರ್ನ್ ಜೋರಾದ ಮೇಲೆ ಅವನೇ ಕೈ ಚಾಚಿದ.

“ಎಬ್ಬಿಸಿ ನನ್ನ. ನಾಳೆ ಡ್ಯೂಟಿ ಮುಗಿಸ್ಕೊಂಡು ನಿಮ್ ಮನೆಗೆ ಬರ್ತೀನಿ. ಕೋಟೆ ಬೇಡ, ಬಸ್ಸಾದ್ರೆ ಪರವಾಗಿಲ್ವಾ ಅಂತ ನಿಮ್ಮಕ್ಕನ್ನ ಕೇಳ್ಬೇಕು.”

ಅವಳು ಕೈ ಹಿಡಿದು ಎಬ್ಬಿಸಿದಳು. ಕೆಳಗೆ ಗೇಟು ಬರುವವರೆಗೂ ಬಿಡಲಿಲ್ಲ.