ತೂಕ ತಪ್ಪದ ಚೀಲಗಳು

ಗೋದಾಮಿನೊಳಗೆ ಮೆಕ್ಕೆಜೋಳ ಮೊಳಕೆ ಒಡೆದಿತ್ತು.

ಮಾರ್ಚ್ ತಿಂಗಳು. ಜಗಳೂರಿನಲ್ಲಿ ಮಳೆಯ ಹೆಸರಿಲ್ಲ. ಮೇಲಿನ ತಗಡು ಕಾದು ಚಟಪಟ ಅನ್ನುತ್ತಿತ್ತು. ಹಮಾಲಿ ಗಾದ್ರಪ್ಪ ತಳಸಾಲಿನ ಚೀಲ ಎಳೆದವನೇ ಕೈಬಿಟ್ಟು ಹಿಂದೆ ಸರಿದ.

"ಅಕ್ಕಾ, ಇಲ್ಲಿ ಬರ್ರಿ. ಚೀಲದಾಗೇ ಬೆಳೆ ಬಂದೈತೆ!"

ಮಿಲ್ಲಿನ ಒಡತಿ ಅಂಬಿಕಾ ಬಗ್ಗಿ ನೋಡಿದಳು. ಗೋಣಿಯ ಎಳೆಗಳ ನಡುವಿನಿಂದ ಬಿಳಿ ಮೊಳಕೆ ಇಣುಕುತ್ತಿತ್ತು. ಬಾಯಿ ಬಿಚ್ಚಿ ಕೈ ಹಾಕಿದಳು. ಕಾಳು ಬೆಚ್ಚಗಿತ್ತು. ಹುಳಿ ವಾಸನೆ. ಹೊರಗೆ ತೆಗೆದ ಹಿಡಿಯಲ್ಲಿ ಹಸಿರು ಬೂಷ್ಟು.

ಪಕ್ಕದ ಚೀಲಗಳಿಗೂ ಕೈ ಹಾಕಿದಳು; ಎಲ್ಲವೂ ಹಾಗೇ. ಈ ಅರವತ್ತು ಚೀಲವನ್ನು ಬೀಸಿ, ಕುರಿಗೆ ಹಾಕುವ ಫೀಡ್ ಮಾಡಿ, ಸೋಮವಾರ ಸೊಕ್ಕೆ ಊರಿನ ಕುರಿಗಾರರಿಗೆ ಕೊಡಬೇಕಿತ್ತು. ಬೂಷ್ಟು ಹಿಡಿದ ಕಾಳು ತಿಂದರೆ ಕುರಿ ಉಳಿಯುವುದು ಕಷ್ಟ. ಕುರಿ ಸತ್ತರೆ ಮಿಲ್ಲಿನ ಹೆಸರೂ ಅದರ ಜೊತೆಗೇ ಮಣ್ಣಿಗೆ. "ಹೆಂಗಸು ಫೀಡ್ ಮಿಲ್ಲು ನಡೆಸ್ತಾಳಂತೆ" ಎಂದು ನಕ್ಕವರ ಎದುರೇ, ಒಂದು ಹಿಟ್ಟಿನ ಗಿರಣಿಯಿಂದ ಎಬ್ಬಿಸಿದ ಹೆಸರು ಅದು.

ತಗಡು ನೋಡಿದಳು. ತೂತಿಲ್ಲ. ಗೋಡೆ ತಟ್ಟಿದಳು. ಒಣಗಿತ್ತು. ಆ ಕಡೆ ಪೈಪೇ ಇಲ್ಲ.

"ಇದು ತಾನಾಗೇ ಬಂದ ನೀರಲ್ಲ ಗಾದ್ರಪ್ಪ. ಯಾರೋ ಹೊಯ್ದಿದಾರೆ."

"ಇಲ್ಲಿ ಕುಡಿಯಾಕೇ ನೀರಿಲ್ಲ, ಜೋಳಕ್ಕೆ ಹೊಯ್ಯೋ ಪುಣ್ಯಾತ್ಮ ಯಾರಕ್ಕಾ?"

* * *

ಬೀಗದಕೈ ಮೂವರ ಕೈಗೆ ಸಿಗುತ್ತಿತ್ತು.

ಒಬ್ಬ ಹಾಲಸ್ವಾಮಿ. ಚನ್ನಗಿರಿ ತಾಲೂಕಿನ ಬಸವಾಪಟ್ಟಣದವನು. ಎರಡು ವರ್ಷದಿಂದ ಗೋದಾಮು ಅವನದೇ ಸುಪರ್ದಿ. ಮಿಕ್ಕ ಇಬ್ಬರು ಈ ತಿಂಗಳು ಕೆಲಸದ ಪರೀಕ್ಷೆಗೆಂದು ಬಂದವರು. ನ್ಯಾಮತಿಯ ಸುಚಿತ್ರಾ ಲೆಕ್ಕ ಬರೆಯುವವಳು. ಒಳಗೆ ಬಂದ ಚೀಲ, ಹೊರಗೆ ಹೋದ ಚೀಲ ಅಂದಂದೇ ಬರೆದಿಡುತ್ತಿದ್ದಳು; ಹಳೆಯ ಖರೀದಿ ಚೀಟಿಗಳ ತೂಕವನ್ನೂ ಹುಡುಕಿ ಪುಸ್ತಕಕ್ಕೆ ಏರಿಸಿದ್ದಳು. ಹೊನ್ನಾಳಿಯ ವಿನಯ್ ಕುಮಾರ್ ಅಕೌಂಟೆಂಟ್. ಬರೆದಿದ್ದನ್ನು ಓದಿ ತೆರಿಗೆ ಎಷ್ಟು, ಲಾಭ ಎಲ್ಲಿ ಸೋರುತ್ತಿದೆ ಎಂದು ಹೇಳುವವನು. ಅವನು ಕೇಳಿದ ಸಂಬಳ ಅವಳದರ ಎರಡರಷ್ಟು. ಇಬ್ಬರನ್ನೂ ಪೂರ್ತಿ ಇಟ್ಟುಕೊಳ್ಳುವ ಶಕ್ತಿ ಮಿಲ್ಲಿಗಿರಲಿಲ್ಲ. ಯಾರು ಉಳಿಯಬೇಕು? ಅಂಬಿಕಾ ಇನ್ನೂ ತೀರ್ಮಾನಿಸಿರಲಿಲ್ಲ.

ವಿನಯ್ ಬಂದ ಕೂಡಲೇ ಹಿಡಿದ ಹಟ ಒಂದೇ: ಇದ್ದಬದ್ದ ಚೀಲವನ್ನೆಲ್ಲ ತೂಗಬೇಕು. ಕಳೆದ ಸೋಮವಾರ ತೂಗಿಯೂ ಆಗಿತ್ತು. ಅದರ ಹಿಂದಿನ ದಿನ ಚೀಲ ಜೋಡಿಸಿಡಲು ಮೂವರೂ ಬೇರೆಬೇರೆ ಹೊತ್ತಿನಲ್ಲಿ ಬಂದುಹೋಗಿದ್ದರು.

"ಯಾರನ್ನೋ ಯಾಕೆ ಕೇಳ್ತೀರಕ್ಕಾ, ನೀರಿನ ಟ್ಯಾಂಕರ್ ಮುತ್ತುರಾಜ್‌ನ ಕೇಳ್ರಿ" ಎಂದ ಹಾಲಸ್ವಾಮಿ.

ಅಂಬಿಕಾ ಫೋನ್ ಹಚ್ಚಿದಳು.

"ಭಾನುವಾರ ಒಂದು ಲೋಡ್ ಇಳಿಸಿದ್ದೆ ಅಕ್ಕಾ" ಎಂದ ಮುತ್ತುರಾಜ್. "ಫೋನ್ ಮಾಡಿದ್ದು ನಿಮ್ಮ ಲೆಕ್ಕದ ಹುಡುಗಿ."

ಎಲ್ಲರ ಕಣ್ಣೂ ಸುಚಿತ್ರಾಳ ಮೇಲೆ.

"ಹಾಲಸ್ವಾಮಣ್ಣನೇ ಹೇಳಿದ್ದು ಅಕ್ಕಾ, ಡ್ರಮ್ಮು ಖಾಲಿ ಐತೆ, ನೀರು ತರ್ಸು ಅಂತ!"

"ನಾನಾ? ಯಾವಾಗ ತಾಯಿ? ಕನಸಿನಾಗೇನು?"

ಹುಡುಗಿಯ ಕಣ್ಣು ತುಂಬಿತು. ದನಿ ಮಾತ್ರ ನಡುಗಲಿಲ್ಲ. "ಕಳ್ಳಿ ಅನ್ನಿಸ್ಕಂಡು ನಾನು ನ್ಯಾಮತಿ ಬಸ್ಸು ಹತ್ತಲ್ಲ. ಪೊಲೀಸರನ್ನೇ ಕರೀರಿ."

ವಿನಯ್ ಕನ್ನಡಕ ಸರಿಮಾಡಿಕೊಂಡ. "ನೀರು ಯಾರಾದರೂ ಹೊಯ್ದಿರಲಿ ಮೇಡಂ, ಕಳ್ಳತನವಂತೂ ಆಗಿಲ್ಲ. ನವೆಂಬರಿನಲ್ಲಿ ಕೊಂಡಾಗ ಎಷ್ಟಿತ್ತೋ ಸೋಮವಾರವೂ ಅಷ್ಟೇ ಇತ್ತು. ಕೂದಲೆಳೆ ವ್ಯತ್ಯಾಸ ಇಲ್ಲ."

ಅಂಬಿಕಾಗೆ ಎಲ್ಲೋ ಮುಳ್ಳು ಚುಚ್ಚಿದಂತಾಯಿತು. ಕೂದಲೆಳೆ ವ್ಯತ್ಯಾಸವೂ ಇಲ್ಲವೇ?

* * *

ಮಧ್ಯಾಹ್ನ ಮನೆಗೆ ಹೋದವಳು ಊಟಕ್ಕೆ ಕೂರಲಿಲ್ಲ. ನವೆಂಬರಿನ ಅದೇ ಜೋಳದಿಂದ ಮನೆ ಬಳಕೆಗೆ ತಂದಿದ್ದ ಒಂದು ಚೀಲ ಅಲ್ಲಿತ್ತು. ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಅದನ್ನು ಎಳೆದು ತಕ್ಕಡಿಯ ಮೇಲೆ ಇಟ್ಟಳು.

ಅತ್ತೆ ತಿಪ್ಪಮ್ಮ ಒಳಗಿನಿಂದಲೇ ಕೂಗಿದರು. "ಏನವ್ವಾ, ಅತ್ತೆ ಕದ್ದು ತಿಂದ್ಲು ಅಂತ ತೂಗ್ತೀಯೇನು?"

"ಇಲ್ಲತ್ತೆ. ಗಾಳಿ ಎಷ್ಟು ತಿಂತು ಅಂತ ನೋಡ್ತಿದೀನಿ."

ನವೆಂಬರಿನ ತೂಕಕ್ಕಿಂತ ಮೂರು ಕೆ.ಜಿ. ಕಡಿಮೆಯಿತ್ತು.

ಅಂಬಿಕಾ ನಿಧಾನವಾಗಿ ನಕ್ಕಳು. ಈಗ ನೀರು ಯಾಕೆ ಬಿತ್ತು ಅನ್ನುವುದು ಗೊತ್ತಾಯಿತು. ಯಾರು ಹೊಯ್ದರು ಅನ್ನುವುದಷ್ಟೇ ಬಾಕಿ.

* * *

ಸಂಜೆ ಮೂವರನ್ನೂ ಕರೆದಳು. "ಆಗಿದ್ದು ಆಯ್ತು. ಕಾಳನ್ನ ಅಂಗಳದಾಗೆ ಹರವಿ, ಚೆನ್ನಾಗಿ ಒಣಗಿಸಿ, ಇನ್ನೊಂದ್ಸಲ ತೂಗಾಣ. ಏನಂತೀರಿ?"

"ಯಾವ ಕಾಳು ಯಾವ ಚೀಲದ್ದು ಅಂತ ನಾನು ಗುರುತು ಹಾಕ್ತೀನಿ ಅಕ್ಕಾ" ಎಂದಳು ಸುಚಿತ್ರಾ.

"ತೂಗಲೇಬೇಕು ಮೇಡಂ. ನಷ್ಟ ಎಷ್ಟು ಅಂತ ಗೊತ್ತಾಗಬೇಕಲ್ಲ" ಎಂದ ವಿನಯ್.

ಹಾಲಸ್ವಾಮಿ ತಲೆ ಕೆರೆದುಕೊಂಡ. "ಒಣಗಿಸಾಕೆ ಟೈಮೆಲ್ಲಿ ಐತೆ ಅಕ್ಕಾ? ಇವತ್ತೇ ಬೀಸಿಬಿಡಾಣ. ಒಂದಿಷ್ಟು ಬೆಲ್ಲದ ನೀರು ಕಲಸಿದ್ರೆ ವಾಸ್ನೆ ಗೊತ್ತಾಗಲ್ಲ."

"ಕುರಿ ಸತ್ರೆ?"

"ಕುರಿ ಬಂದು ಸಾಕ್ಷಿ ಹೇಳ್ತಾವೇನಕ್ಕಾ?"

ಅಂಬಿಕಾ ಗಾದ್ರಪ್ಪನ ಕಡೆ ತಿರುಗಿ, "ತಾಡಪಾಲು ಹಾಸು" ಎಂದಳು.

* * *

ಎರಡು ದಿನದ ಬಿಸಿಲು ಸಾಕಾಯಿತು. ಜಗಳೂರಿನ ಬಿಸಿಲು ಯಾರ ಮುಲಾಜೂ ನೋಡುವುದಿಲ್ಲ.

ಭಾನುವಾರ ಸಂಜೆ ತೂಗಿದರು. ಮೊದಲ ಚೀಲ ಎಂಟು ಕೆ.ಜಿ. ಕಡಿಮೆ. ಎರಡನೆಯದೂ ಹೆಚ್ಚುಕಮ್ಮಿ ಅಷ್ಟೇ. ಮೂರನೆಯದು ತೂಗುವ ಹೊತ್ತಿಗೆ ಹಾಲಸ್ವಾಮಿ ಗೇಟಿನ ಕಡೆ ಹೆಜ್ಜೆ ಹಾಕಿದ. ಗಾದ್ರಪ್ಪ ಅಡ್ಡ ನಿಂತ. "ಎಲ್ಲಿಗ್ರಿ ಸಾಹೇಬ್ರೆ? ತೂಕ ಇನ್ನೂ ಐತೆ."

"ಮೂರು ಕೆ.ಜಿ. ಗಾಳಿ ತಿಂದಿದ್ದು" ಎಂದಳು ಅಂಬಿಕಾ. "ಐದು ಕೆ.ಜಿ. ಯಾರು ತಿಂದಿದ್ದು ಹಾಲಸ್ವಾಮಿ?"

"ನನಗೇನು ಗೊತ್ತಕ್ಕಾ?"

"ನಾನು ಹೇಳ್ತೀನಿ ಕೇಳು. ಒಂದೊಂದು ಚೀಲದಿಂದ ಒಂದಿಷ್ಟು ಒಂದಿಷ್ಟು ತೆಗೆದು ಮಾರ್ಕಂಡೆ. ಚೀಲದ ಲೆಕ್ಕ ಸರಿ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಅಷ್ಟ್ರಾಗೆ ವಿನಯ್ ಬಂದು ತೂಗಬೇಕು ಅಂದ್ರು. ನಿನಗೆ ನಡುಕ ಹತ್ತಿತು. ಸುಚಿತ್ರಾ, ಒಂದೊಂದು ಚೀಲ ಎಷ್ಟು ತೂಕ ಇರ್ಬೇಕು ಅಂತ ಯಾರಾದ್ರೂ ನಿನ್ನ ಕೇಳಿದ್ರಾ?"

ಸುಚಿತ್ರಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಹಾಲಸ್ವಾಮಣ್ಣ! ಶನಿವಾರ ಕೇಳಿದ್ರು. ಜೋಡಿಸಾಕೆ ಬೇಕು ಅಂದ್ರು."

"ಆ ತೂಕ ಬರೋ ತನಕ ನೀರು ಹೊಯ್ದೆ. ಟ್ಯಾಂಕರ್ ಮಾತ್ರ ಹುಡುಗಿ ಕೈಯಾಗೆ ತರ್ಸಿದೆ. ಆದ್ರೆ ನೀನು ಕಾಲುವೆ ನೀರಿನ ಸೀಮೆಯೋನು. ಎರಡು ವರ್ಷ ಇಲ್ಲಿದ್ರೂ ಜಗಳೂರಿನ ಗಾಳಿಗೆ ಎಷ್ಟು ಹಸಿವು ಅಂತ ನಿನಗೆ ಗೊತ್ತಾಗಲಿಲ್ಲ. ಇಲ್ಲಿ ನಾಲ್ಕು ತಿಂಗಳು ಇಟ್ಟ ಮೆಕ್ಕೆಜೋಳ ಒಣಗಿ ತೂಕ ಕಳ್ಕಳ್ಳಲೇಬೇಕು. ಕಳ್ಕಂಡಿದ್ರೆ ನಂಬ್ತಿದ್ದೆ. ನೀನು ಗ್ರಾಂ ತಪ್ಪದಂಗೆ ತುಂಬಿಟ್ಟೆ. ಅಲ್ಲೇ ಸಿಕ್ಕಿಬಿದ್ದೆ. ಒಣಗಿಸಾಣ ಅಂದಾಗ ಬ್ಯಾಡ ಅಂದೋನೂ ನೀನೊಬ್ನೇ."

ಹಾಲಸ್ವಾಮಿ ಚೀಲದ ಮೇಲೆ ಕುಸಿದು ಕೂತ. "ಒಂದು ಕೋಳಿ ಫಾರಂಗೆ ಹಾಕ್ದೆ ಅಕ್ಕಾ. ತಪ್ಪಾತು."

"ಕದ್ದಿದ್ದನ್ನ ಹೆಂಗಾದ್ರೂ ಕ್ಷಮಿಸ್ತಿದ್ದೆನೇನೋ. ಸೊಕ್ಕೆ ಕುರಿಗೆ ಬೂಷ್ಟು ತಿನ್ನಿಸು ಅಂದ್ಯಲ್ಲ, ಅದನ್ನ ಕ್ಷಮಿಸಾಕೆ ನನ್ನಿಂದ ಆಗಲ್ಲ." ಅವಳು ಠಾಣೆಗೆ ಫೋನ್ ಮಾಡಿದಳು.

* * *

ಸೋಮವಾರ ಸೊಕ್ಕೆಯ ಶಿವಮೂರ್ತಪ್ಪ ಫೀಡ್ ಒಯ್ಯಲು ಟ್ರ್ಯಾಕ್ಟರ್ ತಂದರು. ಅಂಬಿಕಾ ಏನನ್ನೂ ಮುಚ್ಚಿಡಲಿಲ್ಲ. ಕೆಟ್ಟ ಕಾಳಿನ ರಾಶಿಯ ಮುಂದೆಯೇ ನಿಲ್ಲಿಸಿ ನಡೆದಿದ್ದೆಲ್ಲ ಹೇಳಿದಳು.

"ಇದು ಗೊಬ್ಬರದ ಗುಂಡಿಗೆ ಹೋಗುತ್ತೆ ಅಣ್ಣಾ. ಹೊಸ ಕಾಳು ಬೀಸಿ ಗುರುವಾರ ಕೊಡ್ತೀನಿ. ಬ್ಯಾಡ ಅಂದ್ರೆ ಮುಂಗಡ ಈಗ್ಲೇ ತಗಳ್ರಿ."

ಶಿವಮೂರ್ತಪ್ಪ ಒಂದು ಹಿಡಿ ಎತ್ತಿ ಮೂಸಿ, ಕೆಳಗೆ ಬಿಟ್ಟರು.

"ನನ್ನ ಮಾಲು ಕೆಟ್ಟೈತೆ ಅಂತ ತಾನಾಗೇ ಹೇಳಿದ ವ್ಯಾಪಾರಸ್ತರನ್ನ ಇವತ್ತೇ ನೋಡಿದ್ದವ್ವಾ. ಮುಂಗಡ ಇಟ್ಕ. ಗುರುವಾರ ಎರಡು ಟ್ರ್ಯಾಕ್ಟರ್ ತರ್ತೀನಿ, ಪಕ್ಕದ ಹಟ್ಟಿಯೋರೂ ಬರ್ತಾರೆ." ಹತ್ತಲು ಹೋದವರು ತಿರುಗಿದರು. "ಅದ್ಸರಿ, ಇಬ್ರಾಗೆ ಯಾರನ್ನ ಇಟ್ಕಂಡೆ? ಬರೆಯೋ ಹುಡುಗಿನೋ, ಅಕೌಂಟೆಂಟ್‌ನೋ?"

"ದಿನಾ ಬರೆಯಾಕೆ ಸುಚಿತ್ರಾ. ಬರೆದಿದ್ದರ ಮೇಲೆ ಪ್ರಶ್ನೆ ಹಾಕಾಕೆ ವಿನಯ್, ತಿಂಗಳಿಗೊಂದ್ಸಲ ಹೊನ್ನಾಳಿಯಿಂದ ಬರ್ತಾರೆ. ಅವಳು ಬರೀದಿದ್ರೆ ನವೆಂಬರಿನ ತೂಕವೇ ಗೊತ್ತಾಗ್ತಿರಲಿಲ್ಲ. ಇವರು ತೂಗು ಅನ್ನದಿದ್ರೆ ಕಳ್ಳ ಹೆದರ್ತಿರಲಿಲ್ಲ."

"ಮತ್ತೆ ಹಿಡಿದಿದ್ದು ಯಾರು?"

ಗೇಟಿನಲ್ಲಿ ಹೊಸ ಮೆಕ್ಕೆಜೋಳದ ಲಾರಿ ಹಾರ್ನ್ ಹೊಡೆಯಿತು. ಅಂಬಿಕಾ ಸೆರಗು ಸಿಕ್ಕಿಸಿಕೊಂಡಳು.

"ಮಿಲ್ಲು ಯಾರದಣ್ಣಾ?" ಎಂದು ನಕ್ಕು, ಲಾರಿಯ ಕಡೆ ತಲೆಯೆತ್ತಿ ನಡೆದಳು.