ಒಂದು ಗೇಣು ಬಲಕ್ಕೆ

ಫೆಬ್ರುವರಿ ಹನ್ನೊಂದರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಸುಗಲಮ್ಮ ಶಹಾಪುರ ಠಾಣೆಯ ಮೆಟ್ಟಿಲು ಹತ್ತಿದಳು. ಸೆರಗಿಗೆ ಹತ್ತಿದ್ದ ಗಂಡನ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

"ನಮ್ಮ ಮನಿಯವರಿಗಿ ಗುಂಡ ಹೊಡದಾರ್ರಿ."

"ಯಾರು?" ಪಿಎಸ್‌ಐ ಫರ್ಹತ ಕೇಳಿದಳು.

"ನೋಡಿಲ್ರಿ. ಹಿಂಡು ಎಬ್ಬಸಾಕ ಹೊಂಟಿದ್ವಿ. ಅವರು ಹಿಂಡಿನ ಮುಂದ ಹೋಗೂ ಗಂಟಿ ಟಗರಿನ ಬಾಜೂಕ ನಿಂತಿದ್ರು. ಟಪ್ ಅಂತು, ಕುಂತಬಿಟ್ರು."

ಅವಳ ಗಂಡ, ಕುರಿಗಾರ ಅಮೋಘಸಿದ್ದ, ಆಸ್ಪತ್ರೆಯಲ್ಲಿದ್ದ. ಮೀನಖಂಡದಲ್ಲಿ ಸಣ್ಣ ಗುಂಡು. ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ್ದರು. ಎರಡು ತಿಂಗಳಿಂದ ಗಂಡ ಹೆಂಡತಿ ವನದುರ್ಗದ ಹತ್ತಿರ ಪರಶುರಾಮನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ತರುಬಿ ನಿಲ್ಲಿಸಿದ್ದರು. ಅಂದು ಸುರಪುರದ ಕಡೆ ಹೊರಡುವವರಿದ್ದರು.

"ಪರಶುರಾಮಪ್ಪ ನಿನ್ನಿ ಜಗಳಾಡಿದ್ದ್ರಿ. ಇನ್ನ ಎಂಟ ದಿನ ಇರ್ರಿ ಅಂದ. ಆಗಂಗಿಲ್ಲ, ನಾಳಿ ಟಗರು ಏಳ್ತದ ಅಂದ್ವಿ. ಅದು ಎದ್ದ ಮ್ಯಾಲ ಹಿಂಡು ನಿಲ್ಲತದೇನ್ರಿ?"

ಎಫ್‌ಐಆರ್ ಕೊಲೆಯತ್ನವೆಂದೇ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಹೊಲದ ಮನೆಯ ಬಾಗಿಲಿನಿಂದ ರಕ್ತ ಬಿದ್ದ ಜಾಗಕ್ಕೆ ಹೆಡ್ ಕಾನ್‌ಸ್ಟೇಬಲ್ ಬೀರಣ್ಣ ಟೇಪು ಹಿಡಿದ: ನಲವತ್ತೆಂಟು ಮೀಟರ್. ಮನೆಯಲ್ಲಿ ಇರುವವಳು ಪರಶುರಾಮನ ಅಕ್ಕ ರೇಣಮ್ಮ. ಗಂಡ ತೀರಿದ ಮೇಲೆ ಹನ್ನೆರಡು ವರ್ಷದಿಂದ ಅಲ್ಲಿ ಒಬ್ಬಳೇ. ತಮ್ಮನ ಸಂಸಾರ ಶಹಾಪುರದಲ್ಲಿ. ಒಲೆಯ ಪಕ್ಕ ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸಿಟ್ಟಿದ್ದಳು. ಫರ್ಹತ ತನಗರಿವಿಲ್ಲದೆ ಎಣಿಸಿದಳು, ಹದಿನಾಲ್ಕು. ತನ್ನ ಕ್ವಾರ್ಟರ್ಸಿನಲ್ಲಿ ಅವಳು ತನ್ನೊಬ್ಬಳಿಗೆ ದಿನಾ ಎರಡು ಬೇಯಿಸುತ್ತಿದ್ದಳು.

ಪರಶುರಾಮ ಆಗಲೇ ಬಂದು ಅಂಗಳದಲ್ಲಿ ನಿಂತಿದ್ದ. ಕೈಯಲ್ಲಿ ಬಂದೂಕು: ಪಾಯಿಂಟ್ ಟೂ ಟೂ, ಅಗ್ಗದ್ದು, ಬೆಳೆ ಕಾಯಲು ಅಪ್ಪನ ಕಾಲಕ್ಕೆ ಬಂದು ಹೊಲದ ಮನೆಯಲ್ಲೇ ಇರುತ್ತಿದ್ದದ್ದು, ಈಗ ಲೈಸೆನ್ಸು ಅವನ ಹೆಸರಿನಲ್ಲಿ.

"ನಾನ ಹೊಡದಿನ್ರಿ. ಹಂದಿ ಅನ್ಕೊಂಡೆ."

"ಮುಂಜಾನಿ ಏಳೂವರಿಗಿ, ಕುರಿ ನಡುವ, ಹಂದಿ?" ಬೀರಣ್ಣ ಕೇಳಿದ. "ಅದರ ಕೊಳ್ಳಾಗೂ ಗಂಟಿ ಇತ್ತೇನಲೇ?"

ರೇಣಮ್ಮ ಬಾಗಿಲಲ್ಲೇ ನಿಂತಿದ್ದಳು. ಬೇರೆ ಕುರಿಗಾರರು ಹಿಂಡು ಹೊಡೆದುಕೊಂಡು ಹೋಗಿ ಖಾಲಿಯಾದ ಹಟ್ಟಿಯ ಕಡೆ ನೋಡುತ್ತಿದ್ದಳು, ತಮ್ಮನ ಕಡೆಗಲ್ಲ. ಅದು ಫರ್ಹತಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಪರಶುರಾಮನನ್ನು ಬಂಧಿಸಿ ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿ, ಎರಡು ದಿನ ವಶಕ್ಕೆ ಪಡೆದರು. ಬಂದೂಕು ಪರೀಕ್ಷಿಸಲು ಅನುಮತಿಯೂ ಸಿಕ್ಕಿತು.

ಹದಿಮೂರು, ಬೆಳಿಗ್ಗೆ ಹತ್ತು. ಯಾದಗಿರಿಯ ಪೊಲೀಸ್ ಫೈರಿಂಗ್ ಮೈದಾನ. ಆಯುಧ ರಿಪೇರಿಯ ಮಲ್ಕಪ್ಪ ಉಸುಕಿನ ಚೀಲದ ಮೇಲೆ ನಳಿಗೆ ಇಟ್ಟ.

"ಕೈಯಾಗ ಹಿಡದ್ರ ನನ್ನ ನಡುಕೂ ಲೆಕ್ಕಕ್ಕ ಬರ್ತದ್ರಿ ಮೇಡಂ. ಬಂದೂಕಿನ ಗುಣ ಬ್ಯಾರೆ, ನನ್ನ ಗುಣ ಬ್ಯಾರೆ. ಮೊದಲ್ನೇ ಗುಂಡ ನಂಬಬ್ಯಾಡ್ರಿ, ನಳಿಗ್ಯಾಗ ಎಣ್ಣಿ ಇರ್ತದ."

ಅದನ್ನು ಬಿಟ್ಟು ಐದು ಹೊಡೆದ. ನಳಿಗೆ ಆರಲು ಬಿಟ್ಟು ಮತ್ತೆ ಐದು. ಐವತ್ತು ಮೀಟರ್ ನಡೆದು ಹೋಗಿ ಕಾಗದ ನೋಡಿದರು. ಕರಿ ಚುಕ್ಕೆ ಹಾಗೇ ಇತ್ತು. ಹತ್ತೂ ತೂತುಗಳು ಚಹಾ ಬಸಿಯ ನಡುವಿನ ಗುಳಿಯಷ್ಟು ಜಾಗದಲ್ಲಿದ್ದವು. ಆದರೆ ಚುಕ್ಕೆಯಿಂದ ಒಂದು ಗೇಣು ಬಲಕ್ಕೆ.

"ಅಗ್ಗದ್ದಾದ್ರೂ ನಳಿಗಿ ಚಲೋ ಅದ. ಗುರಿ ನೋಡೂ ಮುಂದಿನ ಮೊನಿ ಎಡಕ್ಕ ಬಗ್ಗ್ಯಾದ, ಗುಂಡ ಬಲಕ್ಕ ಹೋಗ್ತದ. ಅದಕ್ಕ ಹತ್ತೂ ಸಲ ಒಂದ ತಪ್ಪು ಮಾಡ್ತದ," ಎಂದ ಮಲ್ಕಪ್ಪ.

ಫರ್ಹತ ಪಂಚನಾಮೆಯ ನಕ್ಷೆ ತೆಗೆದಳು. ಸುಗಲಮ್ಮ ತೋರಿಸಿದ್ದ ಪ್ರಕಾರ, ಬಾಗಿಲಿನಿಂದ ನೋಡಿದರೆ ಅಮೋಘಸಿದ್ದನ ಮೀನಖಂಡದಿಂದ ಒಂದು ಗೇಣು ಎಡಕ್ಕೆ ಗಂಟೆ ಟಗರಿನ ಮುಂಗಾಲು. ಅವಳು ಆ ಎರಡು ಗುರುತುಗಳ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದಳು.

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ಪರಶುರಾಮನ ಎದುರು ಕುಳಿತಳು.

"ಹಂದಿ ಬಂದ್ರ ಎಲ್ಲಿ ಗುರಿ ಇಡ್ತೀರಿ?"

"ಒಂದ ಗೇಣ ಎಡಕ್ಕರಿ. ಹ್ವಾದ ವರ್ಷ ಗಾಡಿ ಮ್ಯಾಲಿಂದ ಬಿದ್ದದ ಬಂದೂಕ." ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಇಳಿಯಿತು.

"ಅವತ್ತ ಹೊಡದವ್ರಿಗಿ ಅದು ಗೊತ್ತಿದ್ದಿಲ್ಲ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅಕ್ಕನ್ನ ಬಿಡ್ರಿ ಮೇಡಂ. ಎಂಟ ದಿನ ಇರಿಸ್ಕೋ ಅಂತ ಅಕೀನ ನನ್ನ ಕಳಿಸಿದ್ಳು. ನಾ ಹೋಗಿ ಜಗಳ ಮಾಡಿ ಕೆಡಿಸಿದೆ."

ಮೂರೂವರೆಗೆ ಜೀಪು ಹೊಲ ಮುಟ್ಟಿತು. ಬುಟ್ಟಿಯಲ್ಲಿ ಮತ್ತೆ ರೊಟ್ಟಿ ಪೇರಿಸಿತ್ತು. ರೇಣಮ್ಮ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಸಣ್ಣಾಕಿ ಇದ್ದಾಗ ಅಪ್ಪ ಕಲಿಸಿದ್ದ್ರಿ. ಅವಾಗ ಅದು ನೆಟ್ಟಗ ಹೊಡೀತಿತ್ತು."

"ಟಗರಿಗಿ ಯಾಕ ಹೊಡದ್ರಿ?"

"ಅದು ಏಳದಿದ್ರ ಹಿಂಡು ಏಳಂಗಿಲ್ಲಲ್ರಿ. ನಾಕ ದಿನ ಕುಂಟಿದ್ರ ಸಾಕಿತ್ತು." ಅವಳು ಸೆರಗು ಸರಿಮಾಡಿಕೊಂಡಳು. "ಸುಗಲಮ್ಮ ದಿನಾ ಸಂಜೀಕ ಬಂದು ಕುಂದ್ರತಿದ್ದ್ಳು. ಅಕಿ ಗಂಡನ ಕಾಲ ಹ್ಯಾಂಗದ್ರಿ?"

"ನಡೀತಾನ."

ನಾಲ್ಕು ಇಪ್ಪತ್ತಕ್ಕೆ ಬಂಧನ. ಕೊಲೆಯತ್ನದ ಕಲಂ ಕೈಬಿಡಲು ನ್ಯಾಯಾಲಯಕ್ಕೆ ವರದಿ ಬರೆಯಬೇಕು, ಪರಶುರಾಮನ ಸುಳ್ಳು ಹೇಳಿಕೆಯನ್ನೂ ಅದರಲ್ಲಿ ಕಾಣಿಸಬೇಕು. ಅಪರಾಧದ ಉದ್ದೇಶ ಎಂಬಲ್ಲಿ ಏನು ಬರೆಯುವುದೆಂದು ಫರ್ಹತಳಿಗೆ ಇನ್ನೂ ತಿಳಿದಿರಲಿಲ್ಲ.

ರೇಣಮ್ಮ ಬಾಗಿಲಿಗೆ ಚಿಲಕ ಹಾಕಿ, ರೊಟ್ಟಿಯ ಗಂಟು ಹಿಡಿದು ಜೀಪಿನಲ್ಲಿ ಫರ್ಹತಳ ಪಕ್ಕ ಕುಳಿತಳು. ವನದುರ್ಗದ ಕೋಟೆ ಹಿಂದೆ ಸರಿದ ಮೇಲೆ ಮೆಲ್ಲಗೆ ಕೇಳಿದಳು:

"ಠಾಣ್ಯಾಗ ರಾತ್ರಿ ಯಾರರ ಇರ್ತಾರೇನ್ರಿ?"

"ಇರ್ತಾರ. ಹೆಣ್ಣ ಪೊಲೀಸರು ಇರ್ತಾರ."

"ಹಂಗಾದ್ರ ಚಲೋ ಆತ್ರಿ," ಎಂದು ರೇಣಮ್ಮ ಗಂಟು ಬಿಚ್ಚಿ ಒಂದು ರೊಟ್ಟಿಯನ್ನು ಫರ್ಹತಳ ಕಡೆ ಚಾಚಿದಳು.