ಬೋಲ್ಟು ಬಿಗಿದ ಲಾರಿ

2024ರ ಸೆಪ್ಟೆಂಬರ್ 12, ಬೆಳಗ್ಗೆ 10.40. ಮುಳಬಾಗಿಲಿನ ಠಾಣೆಗೆ ಬಂದ ಗಂಗಾಲಕ್ಷ್ಮಿಯ ಸೀರೆಗೆ ಟೊಮ್ಯಾಟೊ ರಸವೂ ರಕ್ತವೂ ಮೆತ್ತಿಕೊಂಡಿದ್ದವು. ಬೈರಕೂರು ರಸ್ತೆಯಲ್ಲಿ ಲೋಡಿಗೆ ನಿಂತಿದ್ದ ಲಾರಿ ತಾನಾಗಿ ಉರುಳಿ, ಕೂತು ಕಾಯಿ ಆರಿಸುತ್ತಿದ್ದ ಅವಳ ತಾಯಿ ದೊಡ್ಡವೆಂಕಟಮ್ಮನ ಮೇಲೆ ಹರಿದಿತ್ತು. ಡ್ರೈವರ್ ಅಂಜಿಯನ್ನು ಕೂಲಿಯವರೇ ಹೊಡೆದು, ಕಟ್ಟಿ ಕೂರಿಸಿದ್ದರು.

"ದೂರು ಯಾರ ಮೇಲಮ್ಮ?" ಇನ್‌ಸ್ಪೆಕ್ಟರ್ ಕಾಂತರಾಜ್ ಕೇಳಿದ.

"ಇನ್ಯಾರ ಮೇಲೆ ಸಾರ್? ಆ ಅಂಜಿ ಮೇಲೆ. ಹಳೇ ಡ್ರೈವರ್ ಮುನಿರಾಮಪ್ಪ ತಾತ ಆಗಿದ್ರೆ ಇಳಿದ ತಕ್ಷಣ ಚಕ್ರಕ್ಕೆ ಎರಡು ಕಲ್ಲು ಕೊಡ್ತಿದ್ದ. ಇವನಿಗೆ ಬಗ್ಗಕ್ಕೆ ಸೊಂಟ ನೋವು."

11.15ಕ್ಕೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿ ಅಂಜಿ, 27 ವರ್ಷ, ಬದಲಿ ಡ್ರೈವರ್. ಆ ಲಾರಿಯಲ್ಲಿ ಅವನಿಗೆ ಅದು ಎರಡನೇ ದಿನ.

"ಬ್ರೇಕ್ ಹಾಕಿದ್ಯಾ?" ಕಾಂತರಾಜ್ ಅವನನ್ನು ಕೇಳಿದ.

"ಹಾಕ್ದೆ ಸಾರ್. ಲಿವರ್ ಎಳೆದೆ, ಪುಸ್ ಅಂತು. ಪುಸ್ ಅಂದ್ರೆ ಹಿಡೀತು ಅಂತ್ಲೇ."

"ಹಿಡಿದಿದ್ರೆ ಹೆಂಗ್ಲಾ ಹೋಯ್ತು?"

"ನಂಗೂ ಗೊತ್ತಾಗ್ತಿಲ್ಲ ಸಾರ್. ಅವರು ಹೊಡೀತಾ ಇದ್ರು, ನಾನು ಲಿವರ್ರೇ ನೋಡ್ತಾ ಇದ್ದೆ."

1.30ಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೇಬಲ್ ಶೋಭಾರಾಣಿ ಬರೆದುಕೊಂಡಳು: ಲಿವರ್ ಎಳೆದೇ ಇದೆ. ಗೇರು ನ್ಯೂಟ್ರಲ್. ರಸ್ತೆ ಇಳಿಜಾರು. ಹಿಂದಿನ ಚಕ್ರ ಸಣ್ಣ ಗುಂಡಿಯಲ್ಲಿ ತಡೆದು ನಿಂತಿತ್ತು. ಕೊನೆಯ ಸಾಲು ಕ್ರೇಟು ಎತ್ತಿಹಾಕುವಾಗ ಜರುಗಿತು. ಲಾರಿ ಇಪ್ಪತ್ತಾರು ಅಡಿ ಉರುಳಿದೆ.

ಅಂಜಿ ಸುಳ್ಳು ಹೇಳಿರಲಿಲ್ಲ. ಕಾಂತರಾಜ್ ಮೋಟಾರು ವಾಹನ ನಿರೀಕ್ಷಕರನ್ನು ಕರೆಸಿದ. 3.30ಕ್ಕೆ ಅವರೆದುರಿಗೇ ಮೆಕ್ಯಾನಿಕ್ ಕದಿರೇಶ್ ಲಾರಿಯಡಿಗೆ ನುಸುಳಿದ.

"ಸಾರ್, ಲಿವರ್ ಎಳೆದ್ರೆ ಗಾಳಿ ಆಚೆ ಹೋಗಿ, ಈ ಡಬ್ಬೀಲಿರೋ ಸ್ಪ್ರಿಂಗ್ ಚಕ್ರ ಹಿಡೀಬೇಕು. ಇಲ್ಲಿ ಎರಡೂ ಕಡೆ ಬೋಲ್ಟ್ ಹಾಕಿ ಸ್ಪ್ರಿಂಗನ್ನೇ ಹಿಂದಕ್ಕೆ ಎಳೆದು ಬಿಗಿದವ್ರೆ. ಪುಸ್ ಅನ್ನುತ್ತೆ, ಹಿಡಿಯಲ್ಲ."

"ಯಾಕೆ ಹಂಗೆ ಬಿಗೀತಾರೆ?"

"ಗಾಳಿ ಸೋರೋ ಹಳೇ ಗಾಡಿ ದಾರೀಲೇ ಬ್ರೇಕ್ ಕಚ್ಕೊಂಡು ನಿಂತ್ಬಿಡುತ್ತೆ. ರಿಪೇರಿ ಶೆಡ್ ತನಕ ತರಕ್ಕೆ ಹಾಕೋದು, ಆಮೇಲೆ ಬಿಚ್ಚಲೇಬೇಕು. ಇದು ನಿನ್ನೆ ಮೊನ್ನೇದಲ್ಲ ಸಾರ್. ಗ್ರೀಸ್ ಹಚ್ಚಿ, ಟ್ಯೂಬ್ ಸುತ್ತಿ, ತಂತಿ ಕಟ್ಟವ್ರೆ. ಒಳ್ಳೆ ಬಾಣಂತಿ ಆರೈಕೆ."

"ನೀನೇ ಮಾಡಿದ್ಯಾ?"

"ನಾನ್ಯಾಕ್ ಸಾರ್? ಗಾಳಿ ಸೋರುತ್ತೆ ಅಂತ ತಿಂಗಳಿಗೆ ಎರಡು ಸಲ ನನ್ ಶೆಡ್ಡಿಗೆ ಬರ್ತಿದ್ದ ಗಾಡಿ. ಯುಗಾದಿಯಿಂದ ಈಚೆಗೆ ಬಂದೇ ಇಲ್ಲ."

ಲಾರಿ ಮಾಲೀಕ ಚನ್ನರಾಯಪ್ಪ ಶ್ರೀನಿವಾಸಪುರದಿಂದ ಫೋನಿನಲ್ಲಿ ಸಿಕ್ಕಿದ.

"ಬೇರೆ ಶೆಡ್ಡಿಗೂ ಬಿಟ್ಟಿಲ್ಲ ಸಾರ್. ಇನ್ನೊಂದ್ಸಲ ದಾರೀಲಿ ನಿಂತ್ರೆ ಗುಜರಿಗೆ ಹಾಕ್ತೀನಿ ಅಂತ ಯುಗಾದಿ ದಿನ ಮುನಿರಾಮಪ್ಪಂಗೆ ಬೈದೆ. ಆಮೇಲೆ ನಿಲ್ಲಲೇ ಇಲ್ಲ."

"ಹೆಂಗೆ ಅಂತ ಕೇಳಿದ್ರಾ?"

"ಓಡೋ ಗಾಡೀನ ಯಾಕೆ ಓಡ್ತೀಯ ಅಂತ ಯಾರಾದ್ರೂ ಕೇಳ್ತಾರಾ ಸಾರ್?"

5.10. ಆಸ್ಪತ್ರೆಯ ಶವಾಗಾರದ ಹೊರಗೆ ಗಂಗಾಲಕ್ಷ್ಮಿ ಕೂತಿದ್ದಳು.

"ಆ ಮುನಿರಾಮಪ್ಪ ಇಳಿಜಾರಲ್ಲಿ ಮಾತ್ರ ಕಲ್ಲು ಕೊಡ್ತಿದ್ನಾ?" ಕಾಂತರಾಜ್ ಕೇಳಿದ.

"ಎಲ್ಲಾ ಕಡೇನೂ ಸಾರ್, ಸಪಾಟಾಗಿರೋ ಕಡೇನೂ. ಏಮನ್ನಾ, ಲಾರಿ ಪಾರಿಪೋತುಂದಾ, ನಿಮ್ ಲಾರಿ ಓಡಿಹೋಗುತ್ತಾ ಅಂತ ಅಮ್ಮ ರೇಗಿಸ್ತಿದ್ಲು."

"ಯಾವಾಗಿನಿಂದ?"

"ಈ ಬೇಸಿಗೆಯಿಂದ." ಅವಳು ತಲೆಯೆತ್ತಿದಳು. "ಯಾಕೆ ಸಾರ್?"

ಕಾಂತರಾಜ್ ಜೀಪಿನ ಕಡೆಗೆ ನಡೆದ.

6.30ಕ್ಕೆ ಜೀಪು ಕುರುಡುಮಲೆಯ ಹತ್ತಿರದ ಹಳ್ಳಿಗೆ ಹೋಯಿತು. ಮುನಿರಾಮಪ್ಪನಿಗೆ 61 ವರ್ಷ. ಮೂರು ದಿನದ ಹಿಂದೆ ಕೋಲಾರದಲ್ಲಿ ಎಡಗಣ್ಣಿನ ಪೊರೆ ತೆಗೆಸಿ, ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದ. ಸುದ್ದಿ ಮುಟ್ಟಿತ್ತು. ಜೀಪು ಕಂಡೊಡನೆ ಎದ್ದು ನಿಂತ.

"ಬೋಲ್ಟ್ ಹಾಕಿದ್ದು ನೀನೇನಾ?"

"ನಾನೇ ಸಾರ್."

"ಅಂಜಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾಲೀಕರ ಕಿವಿಗೆ ಹೋಗ್ತಿತ್ತು. ಕಲ್ಲು ಕೊಡೋ ಲೇ ಅಂತ ಮಾತ್ರ ಅಂದೆ. ಹೋಗ್ ತಾತ, ನಿನ್ ಕಾಲ ಅಲ್ಲ ಇದು ಅಂತ ನಕ್ಕ."

"ಯಾಕೆ ಅಂತ ಬಿಡಿಸಿ ಹೇಳಬೇಕಿತ್ತು."

"ಹ್ಞೂಂ ಸಾರ್."

ಬಂಧನ 6.55ಕ್ಕೆ. ಠಾಣೆಯಲ್ಲಿ ಹೋಗು ಅಂದರೂ ಅಂಜಿ ಬೆಂಚಿನಿಂದ ಏಳಲಿಲ್ಲ. "ತಾತ ಕಲ್ಲು ಕೊಡು ಅಂದಿದ್ದ ಸಾರ್," ಅಂದ. ಅವನ ಹೆಸರು ಆರೋಪಿಯ ಜಾಗದಿಂದ ಸಾಕ್ಷಿಗಳ ಪಟ್ಟಿಗೆ ಹೋಯಿತು. ಚನ್ನರಾಯಪ್ಪನಿಗೆ ಒಂದು ನೋಟಿಸ್ ಹೋಯಿತು, ಅಷ್ಟೇ. ಅವನು ಸ್ಪ್ಯಾನರ್ ಮುಟ್ಟಿರಲಿಲ್ಲ.

ಮುನಿರಾಮಪ್ಪ ಇಪ್ಪತ್ತೆರಡು ವರ್ಷ ಓಡಿಸಿದ್ದು ಆ ಒಂದೇ ಲಾರಿ. ಯುಗಾದಿ ಕಳೆದ ಮೇಲಿನ ವಾರ ಕೋಲಾರ, ಮಾಲೂರು ಸುತ್ತಿ ಮೂರು ಟ್ರಾನ್ಸ್‌ಪೋರ್ಟಿನಲ್ಲಿ ಕೆಲಸ ಕೇಳಿದ್ದ. ಮೂರೂ ಕಡೆ ವಯಸ್ಸು ಕೇಳಿ ಕಳಿಸಿದ್ದರು. ಲಾರಿ ಗುಜರಿಗೆ ಹೋದರೆ ಇನ್ನು ಯಾರೂ ಅವನ ಕೈಗೆ ಸ್ಟೀರಿಂಗ್ ಕೊಡುವುದಿಲ್ಲ. ಹೇಳಿಕೆಯಲ್ಲಿ ಇದಿಷ್ಟೇ ಇದೆ.

ಬಂಧನದ ಮೆಮೊ ತುಂಬುತ್ತ ಶೋಭಾರಾಣಿ ಕೇಳಿದಳು, "ಉದ್ಯೋಗ?"

ಮುನಿರಾಮಪ್ಪ ಕಪ್ಪು ಕನ್ನಡಕ ಸರಿಪಡಿಸಿಕೊಂಡ.

"ಡ್ರೈವರ್ ಅಂತಾನೇ ಬರ್ಕೊಳಿ ಮೇಡಂ," ಅಂದ. "ಇವತ್ತೊಂದಿನ."